ಬೀಗ ಬಿದ್ದ ಇಟ್ಟಿಗೆ ಮನೆಗಳು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನಗರದ ಬಡಾವಣೆಗಳಲ್ಲಿ ಬೀಗ ಬಿದ್ದು ನಿಂತಿರುವ ಹಳೇ ಇಟ್ಟಿಗೆ ಮನೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳ ಕಟ್ಟು ನೋಡಿ ಮನಸ್ಸು ತುಂಬಿತು. ಎಷ್ಟು ಜನರ ಒಳಗೆ ಇಂಥ ಒಂದೊಂದು ಮನೆ ಇನ್ನೂ ನಿಂತಿದೆ! ಮೂವತ್ತೈದು ವರ್ಷಗಳ ಕಾಲ ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆದವಳು ನಾನು. ಅಪ್ಪ ಗಾರೆ ಕೆಲಸದವರು. ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡುವುದನ್ನು ಕಲಿಸಿದ್ದು ಅವರೇ. ಅಷ್ಟರಿಂದ ಹೇಳಬಹುದಾದ್ದನ್ನು ಹೇಳುತ್ತೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬೀದಿಯ ಕೊನೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ನಾಲ್ಕು ಇಟ್ಟಿಗೆ ಮನೆಗಳಿವೆ. ಇಪ್ಪತ್ತು ವರ್ಷದಿಂದ ಯಾರೂ ಇಲ್ಲ. ಈಗ ಕೆಡವುತ್ತಾರಂತೆ. ಅದಕ್ಕೆ ಮೊದಲು ಅವುಗಳ ಚರಿತ್ರೆಯನ್ನು ಬರೆದಿಡುವ ಆಸೆ. ಮೊದಲು ಕಾಗದಪತ್ರ ಹುಡುಕಲೇ, ಮನೆಯನ್ನು ನೋಡಲೇ?

ಉತ್ತರ: ಎರಡೂ ಬೇಡ. ಮೊದಲು ಆ ಬೀದಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಮನೆಗೆ ಹೋಗಿ. ಸಾಧ್ಯವಾದರೆ ಇವತ್ತೇ. ಕಾಗದ ಕಚೇರಿಯ ಕಪಾಟಿನಲ್ಲಿ ಇದ್ದೇ ಇರುತ್ತದೆ, ಗೋಡೆ ಇನ್ನೊಂದು ತಿಂಗಳಾದರೂ ನಿಂತೀತು. ತೊಂಬತ್ತರ ಹತ್ತಿರ ಬಂದವರ ನೆನಪನ್ನು ಹಾಗೆ ನಂಬಿಕೊಂಡು ಕೂರಲಾಗದು.

ಇದನ್ನು ನಾನು ಕಲಿತದ್ದು ಒಂದು ಕಿಂಡಿಯಿಂದ. ಕೆಡವುವ ಮುನ್ನ ಅಳತೆ ತೆಗೆಯಲು ಒಂದು ಜೋಡಿ ಮನೆಗೆ ಹೋಗಿದ್ದೆ. ನಡುಗೋಡೆ ಒಂದೇ, ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ ಬಾಳಿದ್ದ ಮನೆ. ಗಿಲಾವು ಉದುರಿದ ಜಾಗದಲ್ಲಿ, ನೆಲದಿಂದ ಮೂರೂವರೆ ಅಡಿ ಎತ್ತರಕ್ಕೆ, ಯಾವುದೋ ಚೌಕವನ್ನು ಮುಚ್ಚಿದ ಗುರುತು ಕಂಡಿತು. ಅಗಲ ಒಂದಡಿಯೂ ಇಲ್ಲ. ಸುತ್ತಲಿನವು ತೆಳು ಇಟ್ಟಿಗೆ, ಸುಣ್ಣದ ಗಾರೆಯಲ್ಲಿ ಕೂತವು. ಮುಚ್ಚಲು ಬಳಸಿದ್ದು ದಪ್ಪ ಇಟ್ಟಿಗೆ, ಬೂದು ಸಿಮೆಂಟು. ವರಸೆಗೆ ವರಸೆ, ಅಂದರೆ ಇಟ್ಟಿಗೆ ಸಾಲಿಗೆ ಸಾಲು, ಕೂಡಿರಲಿಲ್ಲ. ಹಳೆಯದು ನಾಲ್ಕು ವರಸೆ ಇದ್ದ ಎತ್ತರದಲ್ಲಿ ಹೊಸದು ಮೂರೇ ಕೂತು, ಮೇಲೆ ಉಳಿದ ಬೆರಳಗಲದ ಸಂದಿಗೆ ಸಿಮೆಂಟು ತುರುಕಿದ್ದರು. ಗೋಡೆಗೂಡು ಅನ್ನೋಣವೆಂದರೆ ಅದು ಆಚೆ ಮನೆಗೂ ತೂರಿತ್ತು. ನೀರಿನ ಕೊಳವೆಗೆ ಅಷ್ಟು ದೊಡ್ಡ ತೂತು ಬೇಕಿಲ್ಲ. ನಕ್ಷೆಯಲ್ಲಿ ಚುಕ್ಕಿ ಗೆರೆ ಎಳೆದು ‘ಮುಚ್ಚಿದ ಕಿಂಡಿ, ಕಾರಣ ತಿಳಿಯದು’ ಎಂದು ಬರೆದೆ.

ಎರಡು ದಿನ ಬಿಟ್ಟು, ಎದುರು ಸಾಲಿನ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು ನಾನು ಟೇಪು ಸುತ್ತುವುದನ್ನು ನೋಡುತ್ತಿದ್ದರು. ಕೇಳಿದೆ. “ಅದಾ, ಫೋನಿಂದು ಕಣಮ್ಮ” ಅಂದರು. ಬೀದಿಗೆಲ್ಲ ಒಂದೇ ಫೋನು, ಆಚೆ ಮನೆಯವರದು. ಈಚೆ ಮನೆಯ ಮಗ ದೂರದ ಊರಿಗೆ ಕೆಲಸಕ್ಕೆ ಹೋದ. ತಾಯಿಗೆ ಮೊಣಕಾಲು ನೋವು. ಮೆಟ್ಟಿಲಿಳಿದು, ಪಕ್ಕದ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಕರೆ ಕಡಿದುಹೋಗುತ್ತಿತ್ತಂತೆ. ಎರಡೂ ಮನೆಯವರು ಕೂಡಿ ನಡುಗೋಡೆ ಕೊರೆಸಿ ಫೋನನ್ನು ಆ ಕಿಂಡಿಯಲ್ಲೇ ಇಟ್ಟುಬಿಟ್ಟರು. ಯಾವ ಕಡೆಯಿಂದ ಬೇಕಾದರೂ ಎತ್ತಬಹುದು. ಈಚೆ ಮನೆಗೂ ಫೋನು ಬಂದಾಗ ಕಿಂಡಿ ಮುಚ್ಚಿದರು. “ಮುಚ್ಚಿದ ಮೇಲೂ ಗೋಡೆಗೆ ಎರಡು ಸಲ ತಟ್ಟಿ ಒಬ್ಬರನ್ನೊಬ್ಬರು ಕರೆಯೋರು” ಅಂದರು ಅಜ್ಜಿ.

ಅಲ್ಲೊಂದು ಕಿಂಡಿ ಇತ್ತು, ಯಾವಾಗಲೋ ಮುಚ್ಚಿದರು. ಗೋಡೆ ನನಗೆ ಹೇಳಿದ್ದು ಅಷ್ಟೇ. ಯಾಕೆಂದು ಹೇಳಲು ಅಜ್ಜಿಯೇ ಬೇಕಾಯಿತು. ಅವರು ಈಗಿಲ್ಲ, ಮನೆಯೂ ಇಲ್ಲ. ನಕ್ಷೆಯ ಆ ಟಿಪ್ಪಣಿಯನ್ನು ಮಾತ್ರ ಅದೇ ಸಂಜೆ ತಿದ್ದಿದ್ದೆ.

ಹಿರಿಯರ ಮುಂದೆ ಕೂತು ‘ಈ ಮನೆಯ ಇತಿಹಾಸ ಹೇಳಿ’ ಎನ್ನಬೇಡಿ. ಹಾಗೆಂದರೆ ಯಾರಿಗೂ ಏನೂ ನೆನಪಾಗದು. ಬೆಳಿಗ್ಗೆ ಮೊದಲು ಏಳುತ್ತಿದ್ದವರು ಯಾರು, ಯಾವ ಮೆಟ್ಟಿಲು ಕಿರ್ರೆನ್ನುತ್ತಿತ್ತು, ಮಳೆ ಬಂದರೆ ಪಾತ್ರೆ ಇಡುತ್ತಿದ್ದದ್ದು ಎಲ್ಲಿ, ಕಾಯಿಲೆ ಬಿದ್ದವರನ್ನು ಮಲಗಿಸುತ್ತಿದ್ದದ್ದು ಯಾವ ಕೋಣೆಯಲ್ಲಿ ಎಂದು ಕೇಳಿ. ಹೋಗುವಾಗ ಮನೆಯ ಹತ್ತಾರು ಫೋಟೋ ತೆಗೆದುಕೊಂಡು ಹೋಗಿ. ಬಾಗಿಲ ಚಿಲಕದ ಚಿತ್ರ ನೋಡಿದ ಕೂಡಲೇ ಮಾತು ತಾನಾಗಿ ಬರುತ್ತದೆ.

ಕಾಗದದ ಕೆಲಸ ಆಮೇಲೆ. ಕ್ರಯಪತ್ರ, ತೆರಿಗೆ ಪುಸ್ತಕ, ನೀರಿನ ಸಂಪರ್ಕಕ್ಕೆ ಕೊಟ್ಟ ಅರ್ಜಿ, ಹಳೇ ನಕ್ಷೆ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಕೆಲವು ದೇಶಗಳ ಸಂಶೋಧಕರು ಈ ವಿಷಯದಲ್ಲಿ ಪುಣ್ಯವಂತರು. ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಎಂಬ ಕಂಪನಿ 1867ರಿಂದ ಬೆಂಕಿ ವಿಮೆಯವರಿಗಾಗಿ ನಗರಗಳ ನಕ್ಷೆ ಮಾಡಿತು; ಪ್ರತಿ ಮನೆಯೂ ಬಿಡಿಬಿಡಿಯಾಗಿ, ಎಷ್ಟು ಅಂತಸ್ತು, ಚಾವಣಿ ಯಾವುದರದು ಎಂಬ ವಿವರದೊಂದಿಗೆ. ಮರದ ಮನೆಗೆ ಹಳದಿ ಬಣ್ಣ, ಇಟ್ಟಿಗೆ ಮನೆಗೆ ಗುಲಾಬಿ. ಈ ಗುಲಾಬಿ ಬಣ್ಣವನ್ನು ನೆನಪಿಡಿ, ಮುಂದೆ ಒಂದು ಉತ್ತರದಲ್ಲಿ ಬೇಕಾಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಒಡೆಯರ ಅನುಮತಿ ಇಲ್ಲದೆ, ಒಬ್ಬರೇ, ಖಾಲಿ ಮನೆಯ ಒಳಗೆ ಹೋಗಬೇಡಿ. ಮಹಡಿಯ ಹಲಗೆ ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ಅಡಿಯ ಜಂತೆ ಪುಡಿಯಾಗಿರುತ್ತದೆ. ಹೊರಗಿನಿಂದ ನೋಡಿಯೇ ಮುಕ್ಕಾಲು ಪಾಲು ಬರೆಯಬಹುದು.

ಪ್ರಶ್ನೆ: ಬರೀ ಇಟ್ಟಿಗೆ ನೋಡಿ ಮನೆಯ ವಯಸ್ಸು ಹೇಳಬಹುದೇ?

ಉತ್ತರ: ವರ್ಷ ಹೇಳಲಾಗದು, ಕಾಲ ಹೇಳಬಹುದು. ಅದಕ್ಕೂ ಒಂದೇ ಗುರುತು ಸಾಲದು, ಮೂರು ನಾಲ್ಕು ಗುರುತು ಒಂದೇ ಕಡೆ ಬೊಟ್ಟು ಮಾಡಬೇಕು.

ಅಪ್ಪ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ತಾಗಿಸುತ್ತಿದ್ದರು. ಖಣ್ ಎಂದರೆ ಚೆನ್ನಾಗಿ ಬೆಂದಿದೆ, ದಬ್ ಎಂದರೆ ಒಳಗೆ ಹಸಿ. ಹಳೇ ಕಾಲದ ಗೂಡಿನಲ್ಲಿ ಬೆಂಕಿ ಎಲ್ಲ ಕಡೆಗೂ ಸಮನಾಗಿ ಹೋಗುತ್ತಿರಲಿಲ್ಲ. ಬೆಂಕಿಯ ಪಕ್ಕದವು ಸುಟ್ಟು ಕರಿನೇರಳೆ, ಅಂಚಿನವು ತಿಳಿ ಕಿತ್ತಳೆ. ಒಂದೇ ಗೋಡೆಯಲ್ಲಿ ಐದಾರು ಬಣ್ಣ ಕಂಡರೆ, ಅಂಚು ವಕ್ರವಾಗಿ ಮೈಮೇಲೆ ಮಣ್ಣಿನ ಮಡಿಕೆ ಕಂಡರೆ, ಕೈಯಿಂದ ಅಚ್ಚಿಗೆ ಬಡಿದು ಮಾಡಿದ ಇಟ್ಟಿಗೆ ಎಂದುಕೊಳ್ಳಿ. 1858ರಲ್ಲಿ ಜರ್ಮನಿಯ ಫ್ರೀಡ್ರಿಶ್ ಹಾಫ್‌ಮನ್ ಪೇಟೆಂಟ್ ಪಡೆದ ಗೂಡಿನಲ್ಲಿ ಬೆಂಕಿ ಆರುವುದೇ ಇಲ್ಲ. ಕೋಣೆಯಿಂದ ಕೋಣೆಗೆ ಸುತ್ತುತ್ತಲೇ ಇರುತ್ತದೆ. ಅಂಥ ಗೂಡುಗಳು, ಜೊತೆಗೆ ಮಣ್ಣು ಒತ್ತುವ ಯಂತ್ರಗಳು ಹರಡಿದ ಮೇಲೆ ಒಂದೇ ಬಣ್ಣದ, ಒಂದೇ ಅಳತೆಯ ಇಟ್ಟಿಗೆ ರಾಶಿರಾಶಿಯಾಗಿ ಬರತೊಡಗಿತು. ಕಾರ್ಖಾನೆಗಳ ಸುತ್ತ ಬೀದಿಗೆ ಬೀದಿಯೇ ಕೆಂಪು ಮನೆಗಳಾಗಿ ಎದ್ದದ್ದರ ಹಿಂದೆ ಈ ಬೆಂಕಿಯಿದೆ.

ಅಳತೆಯೂ ಕಥೆ ಹೇಳುತ್ತದೆ. ಬ್ರಿಟನ್ನಿನಲ್ಲಿ 1784ರಲ್ಲಿ ಇಟ್ಟಿಗೆಗೆ ತೆರಿಗೆ ಹಾಕಿದರು, ಸಾವಿರಕ್ಕೆ ಇಷ್ಟು ಎಂದು. ಲೆಕ್ಕ ಸಂಖ್ಯೆಯ ಮೇಲೆ ತಾನೆ? ಇಟ್ಟಿಗೆಯವರು ಗಾತ್ರ ಹಿಗ್ಗಿಸಿದರು. 1803ರಲ್ಲಿ ಸರ್ಕಾರ ದೊಡ್ಡ ಇಟ್ಟಿಗೆಗೆ ದುಪ್ಪಟ್ಟು ತೆರಿಗೆ ಹಾಕಿ ಅದಕ್ಕೂ ತಡೆ ಒಡ್ಡಿತು. 1850ರಲ್ಲಿ ತೆರಿಗೆಯೇ ಹೋಯಿತು. ಆ ದೇಶದ ಗೋಡೆಗಳಲ್ಲಿ ಈ ಜಗ್ಗಾಟವನ್ನು ಇಂದಿಗೂ ಟೇಪು ಹಿಡಿದು ಓದಬಹುದು.

ಆದರೆ ಅಳತೆಯ ಮೂಲ ಲೆಕ್ಕ ಬದಲಾದದ್ದು ಕಡಿಮೆ. ಹರಪ್ಪಾ, ಮೊಹೆಂಜೊದಾರೊ ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು. ಎರಡು ಅಗಲ ಸೇರಿದರೆ ಒಂದು ಉದ್ದ. ಹಾಗಿದ್ದರೇ ಅಡ್ಡ ಇಟ್ಟಿಗೆ, ಉದ್ದ ಇಟ್ಟಿಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಿಮ್ಮ ಬೀದಿಯ ಗೋಡೆಯಲ್ಲಿ ಇಟ್ಟಿಗೆಯ ಚಿಕ್ಕ ಮುಖಗಳು ಕಾಣುತ್ತಿವೆಯೇ ನೋಡಿ. ಕಂಡರೆ ಬಹುಮಟ್ಟಿಗೆ ಗೋಡೆ ಇಡಿಯಾಗಿ ಕಟ್ಟಿದ್ದು, ಅಡ್ಡ ಇಟ್ಟಿಗೆ ಒಳಕ್ಕೆ ಕೈಚಾಚಿ ಹಿಂದಿನ ಸಾಲನ್ನು ಹಿಡಿದಿದೆ. ಬರೀ ಉದ್ದ ಮುಖಗಳೇ ಇದ್ದರೆ ಅದು ನಡುವೆ ಟೊಳ್ಳು ಬಿಟ್ಟ ಈಚಿನ ಗೋಡೆ ಇರಬಹುದು, ಇಲ್ಲವೇ ಹೊರಗೊಂದು ತೆಳು ಹೊದಿಕೆ.

ಆಮೇಲೆ ಸಂದನ್ನು ನೋಡಿ. ಮೊಳೆಯಲ್ಲಿ ಗೀರಿದರೆ ಬಿಳಿಯಾಗಿ, ಮೆತ್ತಗೆ ಉದುರಿದರೆ ಸುಣ್ಣದ ಗಾರೆ. ಮೊಳೆ ಜಾರಿದರೆ ಸಿಮೆಂಟು. ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಹಾಗೆಂದು ಮರುವರ್ಷವೇ ಎಲ್ಲರೂ ಸುಣ್ಣ ಬಿಡಲಿಲ್ಲ, ಮನೆ ಕಟ್ಟುವವರು ಎಷ್ಟೋ ದಶಕ ಸುಣ್ಣದಲ್ಲೇ ಕಟ್ಟಿದರು. ಇನ್ನೊಂದು ಎಚ್ಚರ: ಬಿದ್ದ ಮನೆಯ ಇಟ್ಟಿಗೆ ತಂದು ಹೊಸ ಮನೆ ಕಟ್ಟುವುದು ಎಲ್ಲ ಕಾಲದಲ್ಲೂ ಇತ್ತು. ಇಟ್ಟಿಗೆ ಹಳೆಯದೆಂದು ಗೋಡೆಯೂ ಹಳೆಯದಾಗದು. ಬುನಾದಿಯಿಂದ ಬಂದ ಮೂಲ ಗೋಡೆಯಲ್ಲಿ ಎಲ್ಲಕ್ಕಿಂತ ಹೊಸ ಇಟ್ಟಿಗೆ ಯಾವುದೋ ಅದಕ್ಕಿಂತ ಹಿಂದಕ್ಕೆ ಹೋಗಬೇಡಿ.

ಪ್ರಶ್ನೆ: ನೂರು ವರ್ಷ ನಿಂತ ಮನೆ, ಜನ ಬಿಟ್ಟ ಆರೇ ವರ್ಷದಲ್ಲಿ ಕುಸಿಯಿತು. ಜನರ ಉಸಿರಿಲ್ಲದಿದ್ದರೆ ಮನೆ ಬೀಳುತ್ತದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಉಸಿರಲ್ಲ, ಕಣ್ಣು. ಮನೆಯಲ್ಲಿ ಜನ ಇದ್ದಾಗ ಒಂದು ಹೆಂಚು ಜಾರಿದರೆ ಆ ವಾರವೇ ಯಾರೋ ಏಣಿ ಹಾಕುತ್ತಾರೆ. ಚಾವಣಿಯ ದೋಣಿಗೆ ಎಲೆ ತುಂಬಿದರೆ ಬಳಿಯುತ್ತಾರೆ. ಖಾಲಿ ಮನೆಯಲ್ಲಿ ಆ ಎಲೆ ಹಾಗೇ ಕೊಳೆತು, ನೀರು ದೋಣಿಯಲ್ಲಿ ಹೋಗದೆ ಗೋಡೆಯ ನೆತ್ತಿಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತದಲ್ಲ, ಮೊದಲು ಕೊಳೆಯುವುದು ಅದೇ. ತೊಲೆ ಕುಸಿಯುವಾಗ ಗೋಡೆಯನ್ನೂ ಎಳೆದುಕೊಂಡು ಬರುತ್ತದೆ. ಕಿಟಕಿ ತೆಗೆಯುವವರಿಲ್ಲ, ಒಲೆ ಉರಿಯುವುದಿಲ್ಲ, ಒಳಗಿನ ತೇವ ಆರುವುದೇ ಇಲ್ಲ. ನೀರಿನಲ್ಲಿ ಕರಗಿದ ಉಪ್ಪು ಇಟ್ಟಿಗೆಯ ಮೈಯಲ್ಲಿ ಹರಳುಗಟ್ಟುತ್ತದೆ. ಹೊರಗೆ ಕಾಣುವ ಬಿಳಿ ಪುಡಿ ಅದೇ. ಹೊರಗೆ ಬಂದದ್ದು ಅಷ್ಟು ಹಾನಿ ಮಾಡದು. ಮೈಯ ಹಿಂದೆಯೇ ಹರಳಾದದ್ದು ಇಟ್ಟಿಗೆಯ ಮುಖವನ್ನು ಒಳಗಿನಿಂದ ತಳ್ಳಿ ಉದುರಿಸುತ್ತದೆ. ಹಕ್ಕಿ ಬಿಟ್ಟ ಬೀಜ ಸಂದಿನಲ್ಲಿ ಮೊಳೆತರೆ ಉಳಿದ ಕೆಲಸವನ್ನು ಬೇರು ಮುಗಿಸುತ್ತದೆ.

ರಿಪೇರಿಯಿಂದಲೂ ಮನೆ ಸಾಯುತ್ತದೆ. ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೇ ಗೋಡೆಯ ಸಂದು ಸವೆದಿದ್ದನ್ನು ನೋಡಿ, ಗಟ್ಟಿಯಾಗಲಿ ಎಂದು ಸಿಮೆಂಟು ತುಂಬಿಸಿದೆ. ಅಪ್ಪ ನೋಡಿ ಏನೂ ಅನ್ನಲಿಲ್ಲ, ಕರಣೆ ಕೆಳಗಿಟ್ಟು ಹೋದರು. ಸುಣ್ಣದ ಸಂದು ಮೆದು. ಗೋಡೆ ಕುಡಿದ ನೀರು ಅದರ ಮೂಲಕ ಹೊರಗೆ ಆರುತ್ತದೆ, ಗೋಡೆ ಕೊಂಚ ಅಲುಗಿದರೂ ಅದೇ ತಾಳಿಕೊಳ್ಳುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿತು. ನೀರು ಇಟ್ಟಿಗೆಯಿಂದಲೇ ಹೊರಬರಬೇಕಾಯಿತು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆಗಳ ಮುಖವೆಲ್ಲ ಉದುರಿ, ನಾನು ತುಂಬಿಸಿದ ಸಿಮೆಂಟು ಗೆರೆಗಳು ಮಾತ್ರ ಬಲೆಯ ಹಾಗೆ ಮುಂದೆ ಚಾಚಿಕೊಂಡಿದ್ದವು. ಹಳೇ ಗೋಡೆ ಮುಟ್ಟುವವರಿಗೆ ಕೈಮುಗಿದು ಹೇಳುತ್ತೇನೆ, ಸುಣ್ಣದ ಗೋಡೆಗೆ ಸುಣ್ಣವನ್ನೇ ಕೊಡಿ.

ಪ್ರಶ್ನೆ: ಪಕ್ಕದ ಖಾಲಿ ಮನೆಯಿಂದ ರಾತ್ರಿ ಹೊತ್ತು ಟಕ್ ಟಕ್ ಸದ್ದು ಬರುತ್ತದೆ. ಮಕ್ಕಳು ಹೆದರುತ್ತಾರೆ.

ಉತ್ತರ: ಹಗಲು ಕಾದ ಮರ, ತಗಡು ರಾತ್ರಿ ತಣ್ಣಗಾಗಿ ಕುಗ್ಗುವ ಸದ್ದು ಅದು. ಮಕ್ಕಳನ್ನು ಕೂರಿಸಿಕೊಂಡು ಸದ್ದು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಒಂದು ವಾರ ಬರೆಸಿ. ಬಿಸಿಲು ಜೋರಾಗಿದ್ದ ದಿನ ಹೆಚ್ಚು, ಮೋಡದ ದಿನ ಕಡಿಮೆ ಎಂದು ಅವರೇ ಕಂಡುಕೊಳ್ಳುತ್ತಾರೆ. ಸದ್ದು ಮಳೆಯಲ್ಲಿ ಹೆಚ್ಚಾದರೆ, ಅಥವಾ ಕಲ್ಲು ಉರುಳಿದಂತೆ ಕೇಳಿದರೆ ಮಾತ್ರ ತಡಮಾಡದೆ ನಗರಾಡಳಿತಕ್ಕೆ ತಿಳಿಸಿ, ಗೋಡೆಯ ಬಳಿ ಮಕ್ಕಳನ್ನು ಬಿಡಬೇಡಿ.

ಪ್ರಶ್ನೆ: ನಮ್ಮ ತಂದೆ ತಾಯಿ ಹಳೇ ಬಡಾವಣೆಯ ಮನೆ ಬಿಟ್ಟು ಬಂದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಈಗ ಬೀದಿಯೇ ಖಾಲಿ. ನಾವು ಹೊರಟದ್ದರಿಂದಲೇ ಹೀಗಾಯಿತೇ ಎಂದು ಅಮ್ಮ ಈಗಲೂ ಕೊರಗುತ್ತಾರೆ. ಏನು ಹೇಳಲಿ?

ಉತ್ತರ: ಅಮ್ಮನಿಗೆ ಎರಡು ನಕ್ಷೆಗಳ ಕಥೆ ಹೇಳಿ.

ಅಮೆರಿಕದ ಸೇಂಟ್ ಲೂಯಿಸ್ ಇಟ್ಟಿಗೆಯ ನಗರ. 1849ರ ಬೆಂಕಿಯಲ್ಲಿ ಊರ ನಡುಭಾಗ ಸುಟ್ಟ ಮೇಲೆ ಮರದ ಕಟ್ಟಡಗಳನ್ನು ತಡೆದು, ನೆಲದಡಿಯ ಒಳ್ಳೆಯ ಜೇಡಿಯಿಂದ ಇಟ್ಟಿಗೆ ಸುಟ್ಟು ಕಟ್ಟಿದರು. 1950ರಲ್ಲಿ ಅಲ್ಲಿ 8,56,796 ಜನರಿದ್ದರು. 2020ರಲ್ಲಿ 3,01,578. ಐದು ಲಕ್ಷಕ್ಕೂ ಹೆಚ್ಚು ಜನ ಹೋದರು. ಇಷ್ಟು ದೊಡ್ಡ ಹೊರಡುವಿಕೆಯನ್ನು ಯಾವ ತಾಯಿಯ ತಲೆಗೆ ಕಟ್ಟುತ್ತೀರಿ?

ಆಗ ಹೇಳಿದೆನಲ್ಲ, ವಿಮೆಯ ನಕ್ಷೆಯಲ್ಲಿ ಇಟ್ಟಿಗೆ ಮನೆಗೆ ಗುಲಾಬಿ ಬಣ್ಣ ಎಂದು. ಬೆಂಕಿಗೆ ಬೇಗ ಜಗ್ಗದ ಮನೆ ಅದು. 1930ರ ದಶಕದಲ್ಲಿ ಅದೇ ದೇಶದ ಒಂದು ಸರ್ಕಾರಿ ಸಂಸ್ಥೆ, ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್, ನಗರಗಳಿಗೆ ಇನ್ನೊಂದು ನಕ್ಷೆ ಮಾಡಿಸಿತು, ಯಾವ ಬಡಾವಣೆಯಲ್ಲಿ ಸಾಲ ಕೊಡುವುದು ಅಪಾಯ ಎಂದು ತೋರಿಸಲು. ಅಪಾಯಕ್ಕೆ ಕೆಂಪು. ಕಪ್ಪು ಜನರು ಇದ್ದ ಬಡಾವಣೆಗಳು ಹೆಚ್ಚಾಗಿ ಕೆಂಪಿನಲ್ಲೇ ಬಿದ್ದವು. ಅದೇ ಗೋಡೆ, ಅದೇ ಇಟ್ಟಿಗೆ. ಒಂದು ನಕ್ಷೆಯಲ್ಲಿ ಗುಲಾಬಿ, ಇನ್ನೊಂದರಲ್ಲಿ ಕೆಂಪು. ಕೆಂಪು ಬಳಿದ ಕಡೆ ರಿಪೇರಿಗೂ ಸಾಲ ಹುಟ್ಟದೆ, ಕಾರ್ಖಾನೆಗಳು ಮುಚ್ಚಿ, ಹೆದ್ದಾರಿಗಳು ಬೀದಿಗಳನ್ನು ಸೀಳಿದ ಮೇಲೆ ಮನೆಗಳು ಖಾಲಿಯಾದವು. ನಿಮ್ಮ ಬೀದಿಗೆ ಕಾರಣಗಳು ಬೇರೆ ಇರಬಹುದು, ಆದರೆ ಬೀದಿಗೆ ಬೀದಿಯೇ ಖಾಲಿಯಾಗಿದ್ದರೆ ಅದು ಒಂದು ಮನೆಯವರ ತೀರ್ಮಾನದಿಂದ ಆದದ್ದಲ್ಲ.

ಇನ್ನೊಂದು ಊರಿನ ಮಾತನ್ನೂ ಹೇಳಿ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಗ್ರ್ಯಾನ್ಬಿ ಎಂಬ ಜಾಗ. ಸಾಲು ಸಾಲು ಇಟ್ಟಿಗೆ ಮನೆಗಳನ್ನು ಖಾಲಿ ಮಾಡಿಸಿ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು, ಕೆಡವುವುದೇ ಬಾಕಿ. ಉಳಿದಿದ್ದ ಕೆಲವೇ ನಿವಾಸಿಗಳು, ಮುಂದೆ ನಿಂತವರು ಹೆಚ್ಚಾಗಿ ಹೆಂಗಸರು, ಬೀದಿ ಗುಡಿಸಿದರು, ಹಲಗೆಗಳಿಗೆ ಬಣ್ಣ ಬಳಿದರು, ಕುಂಡಗಳಲ್ಲಿ ಗಿಡ ಇಟ್ಟರು, ತಿಂಗಳಿಗೊಂದು ಸಂತೆ ನಡೆಸಿದರು. 2011ರಲ್ಲಿ ತಮ್ಮದೇ ಟ್ರಸ್ಟ್ ಕಟ್ಟಿಕೊಂಡು ಹತ್ತು ಮನೆಗಳನ್ನು ಎಬ್ಬಿಸಿ ನಿಲ್ಲಿಸಿದರು. ಅವರೊಂದಿಗೆ ಕೆಲಸ ಮಾಡಿದ ಅಸೆಂಬಲ್ ಎಂಬ ತರುಣ ವಿನ್ಯಾಸಕಾರರ ಗುಂಪಿಗೆ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ 2015ರಲ್ಲಿ ಬಂತು. ನನ್ನ ಮನಸ್ಸಿಗೆ ಹಿಡಿದದ್ದು ಪ್ರಶಸ್ತಿಗಿಂತ ಒಂದು ಸಣ್ಣ ಸಂಗತಿ. ಒಡೆದ ಇಟ್ಟಿಗೆ, ಕಲ್ಲಿನ ಚೂರುಗಳನ್ನೇ ಎರಕ ಹೊಯ್ದು, ಉಜ್ಜಿ ಹೊಳಪಿಸಿ, ಅಗ್ಗಿಷ್ಟಿಕೆಯ ಚೌಕಟ್ಟು ಮಾಡಿ ಅದೇ ಮನೆಗಳಲ್ಲಿ ಕೂರಿಸಿದರು. ಚಾವಣಿ, ಮಹಡಿ ಎಲ್ಲ ಬಿದ್ದುಹೋಗಿದ್ದ ಎರಡು ಮನೆಗಳನ್ನು ಮತ್ತೆ ಮನೆ ಮಾಡದೆ ಗಾಜು ಹೊದಿಸಿ ಒಳತೋಟವಾಗಿಸಿದರು.

ಅಮ್ಮನಿಗೆ ನಡೆಯಲಾಗುವುದಾದರೆ ಒಂದು ಬೆಳಿಗ್ಗೆ ಆ ಬೀದಿಗೆ ಕರೆದುಕೊಂಡು ಹೋಗಿ. ಮಾತು ಬಿಟ್ಟುಬಿಡಿ, ಅವರ ಪಕ್ಕದಲ್ಲಿ ನಡೆಯಿರಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟುಕೊಳ್ಳಿ, ಹಾಕಿದ್ದೀರೆಂದು ಅವರಿಗೆ ಹೇಳಿ.

ಪ್ರಶ್ನೆ: ಬಿದ್ದ ಮನೆಯಿಂದ ನೆನಪಿಗೆ ಒಂದು ಇಟ್ಟಿಗೆ ತರುವುದು ತಪ್ಪೇ?

ಉತ್ತರ: ನಿಂತ ಗೋಡೆಯಿಂದ ಕೀಳುವುದು ತಪ್ಪು, ಯಾರು ಮಾಡಿದರೂ. ಸೇಂಟ್ ಲೂಯಿಸ್‌ನಲ್ಲಿ ಕಳ್ಳರು ಖಾಲಿ ಮನೆಗಳಿಗೆ ಬೆಂಕಿ ಇಟ್ಟದ್ದುಂಟು. ಅಗ್ನಿಶಾಮಕದವರ ನೀರಿನ ರಭಸಕ್ಕೆ ಗಾರೆ ಸಡಿಲವಾಗಿ ಇಟ್ಟಿಗೆ ಸುಲಭವಾಗಿ ಸಿಗುತ್ತದೆ ಎಂದು. ಹಳೇ ಇಟ್ಟಿಗೆಗೆ ಬೇರೆ ಊರುಗಳಲ್ಲಿ ಅಷ್ಟು ಬೇಡಿಕೆ. ಹರಪ್ಪಾಕ್ಕೂ ಹೀಗೇ ಆಯಿತು. 19ನೇ ಶತಮಾನದಲ್ಲಿ ಲಾಹೋರ್–ಮುಲ್ತಾನ್ ರೈಲು ದಾರಿಯ ಕೆಳಗೆ ಸುರಿಯಲು ಗುತ್ತಿಗೆದಾರರು ಆ ದಿಬ್ಬಗಳ ಇಟ್ಟಿಗೆಯನ್ನು ಹೊತ್ತೊಯ್ದರು. ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಇದನ್ನು ದಾಖಲಿಸಿದ್ದಾರೆ. ಆ ಊರು ಎಷ್ಟು ಹಳೆಯದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಕೆಡವಿದ ಮೇಲೆ, ಕೇಳಿ ತಂದರೆ ತಪ್ಪಿಲ್ಲ. ನನ್ನ ಮೇಜಿನ ಮೇಲೂ ಒಂದಿದೆ, ಆ ಕಿಂಡಿಯ ಪಕ್ಕದ್ದು. ಅಗಲದ ಮೈಯಲ್ಲಿ ನಾಯಿಯ ಹೆಜ್ಜೆ ಮೂಡಿದೆ. ಹಸಿ ಇಟ್ಟಿಗೆಗಳನ್ನು ಒಣಗಲು ಹರಡಿದ್ದಾಗ ದಾಟಿ ಹೋಗಿದೆ. ನಾಲ್ಕು ಬೆರಳು, ಉಗುರಿನ ಚುಕ್ಕಿ ಸಹ ಕಾಣುತ್ತದೆ. ಒಂದು ಬೆರಳು ಉಳಿದವುಗಳಿಗಿಂತ ಆಳವಾಗಿ ಊರಿದೆ. ಕಟ್ಟುವಾಗ ಆ ಮುಖ ಗಾರೆಯ ಒಳಗೆ ಹೋದದ್ದರಿಂದ, ಮನೆ ನಿಂತಿದ್ದಷ್ಟು ಕಾಲ ಅದನ್ನು ಯಾರೂ ನೋಡಿರಲಿಲ್ಲ.

ತಂದ ಇಟ್ಟಿಗೆಯನ್ನು ಗಟ್ಟಿ ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ, ಆಸಿಡ್ ಹಾಕಬೇಡಿ. ಅಡಿಭಾಗದಲ್ಲಿ ಮನೆ ಎಲ್ಲಿತ್ತು, ಯಾವ ಗೋಡೆ, ನೆಲದಿಂದ ಎಷ್ಟನೇ ವರಸೆ, ತಂದ ದಿನ ಯಾವುದು ಎಂದು ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಇಟ್ಟಿಗೆಯಲ್ಲಿ ಹರಡಿಕೊಳ್ಳುತ್ತದೆ.